ಪರದೆಯ ಮೇಲಿನ ನೊಣ

ಮನೆಮಂದಿಯೆಲ್ಲ ಅವಳನ್ನು ನೊಣದಕ್ಕ ಎಂದೇ ಕರೆಯುತ್ತಿದ್ದರು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಹೇಳುವ ಹೆಂಗಸಿಗೆ ಹುಲಿಯೋ ಆನೆಯೋ ಗಂಟುಬೀಳದೆ, ಉಗುರಿನ ಮೇಲೆ ಕೂತರೆ ಉಗುರಿನ ಕಾಲುಭಾಗವನ್ನೂ ಮುಚ್ಚದ ನೊಣ ಯಾಕೆ ಗಂಟುಬಿತ್ತೋ ಎಂದು ಅವಳ ತಾಯಿ ಬದುಕಿರುವವರೆಗೂ ಕೊರಗಿದ್ದಳು. ತಮ್ಮನಂತೂ ಬಂದವರಿಗೆಲ್ಲ ಹೇಳಿ ನಗುತ್ತಿದ್ದ: ಲೋಕದಲ್ಲಿ ಕೆಲಸವಿಲ್ಲದವರೆಲ್ಲ ನೊಣ ಹೊಡೆಯುತ್ತಾರೆ, ನಮ್ಮಕ್ಕ ಮಾತ್ರ ಕೆಲಸ ಬಿಟ್ಟು ನೊಣ ಹೊಡೆಯುತ್ತಾಳೆ.

ಅವನ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಚಪ್ಪಲಿ ಅಂಗಡಿಯೊಂದರ ಮೇಲಿನ ಎರಡು ಕೋಣೆಗಳಲ್ಲಿ ಅವಳೊಬ್ಬಳೇ ಇದ್ದಳು. ಮದುವೆಯ ಮಾತು ಬಂದಾಗ ಓದು ಮುಗಿಯಲಿ ಎಂದಿದ್ದಳು, ಓದು ಮುಗಿಯುವ ಹೊತ್ತಿಗೆ ಕೇಳುವವರು ಮುಗಿದಿದ್ದರು. ಅದಕ್ಕಾಗಿ ಅವಳು ಕಣ್ಣೀರು ಹಾಕಿದ್ದನ್ನು ಯಾರೂ ಕಂಡಿಲ್ಲ. ಬೆಳಗಿನ ಚಹಾ ಲೋಟ ಹಿಡಿದು ಕಂಪ್ಯೂಟರಿನ ಮುಂದೆ ಕೂತರೆ ಕಾಲೇಜಿಗೆ ಹೊರಡುವ ಹೊತ್ತಾದದ್ದೂ ಅವಳಿಗೆ ತಿಳಿಯುತ್ತಿರಲಿಲ್ಲ. ಹುಳಹುಪ್ಪಟೆಗಳ ಫೋಟೋ ತೆಗೆದು ಇದು ಯಾವುದು ಎಂದು ಜನ ಕೇಳುವ ಜಾಲತಾಣವೊಂದಿತ್ತು. ಗೊತ್ತಿದ್ದವರು ಹೆಸರು ಹೇಳಬೇಕು. ಹಕ್ಕಿಯ ಹೆಸರು ಹೇಳಲು ಅಲ್ಲಿ ಸಾವಿರ ಜನ, ಚಿಟ್ಟೆಯ ಹೆಸರು ಹೇಳಲು ನೂರಾರು ಜನ. ಸಣ್ಣ ನೊಣಗಳ ಬಳಿಗೆ ಬಂದರೆ ಇಬ್ಬರೇ. ಒಬ್ಬಳು ಇವಳು. ಇನ್ನೊಬ್ಬರು ಎಲ್ಲೋ ದೂರದ ಊರಿನ ನಿವೃತ್ತರು. ಅವರ ಚಿತ್ರದಲ್ಲಿ ಮೀಸೆಯೊಂದೇ ಸರಿಯಾಗಿ ಕಾಣುತ್ತಿದ್ದುದರಿಂದ ಇವಳು ಅವರಿಗೆ ಮೀಸೆ ಮೇಷ್ಟ್ರು ಎಂದು ಹೆಸರಿಟ್ಟಿದ್ದಳು. ಇಬ್ಬರೂ ಒಂದೇ ಹೆಸರು ಹೇಳಿದರೆ ತಾಣವು ಆ ಫೋಟೋಗೆ ಹಸಿರು ಮುದ್ರೆ ಒತ್ತುತ್ತಿತ್ತು. ಅಲ್ಲಿಗೆ ಅದು ಖಚಿತ.

ಬರುವ ಫೋಟೋಗಳಲ್ಲಿ ಮುಕ್ಕಾಲುಪಾಲು ತಟ್ಟೆಯ ಅಂಚಿನಲ್ಲಿ ಕೂತ ಮಸಕು ಚುಕ್ಕೆಗಳು. ಒಬ್ಬ ಮಹಾನುಭಾವ ಸೂರ್ಯಕಾಂತಿ ಬೀಜದ ಸಿಪ್ಪೆಯ ಫೋಟೋ ಹಾಕಿ, ಇದು ಕಚ್ಚುತ್ತದೆಯೇ ಎಂದು ಕೇಳಿದ್ದ. ಇದು ಕಚ್ಚುವುದಿಲ್ಲ, ನೀವು ಬೇಕಾದರೆ ಅದನ್ನು ಕಚ್ಚಬಹುದು ಎಂದು ಇವಳು ಬರೆದಿದ್ದಳು. ಆದರೆ ನಡುನಡುವೆ ಒಂದೊಂದು ಫೋಟೋದಲ್ಲಿ ರೆಕ್ಕೆಯ ನರ, ಬೆನ್ನಿನ ಕೂದಲು, ಕಣ್ಣಿನ ಬಣ್ಣ ಎಲ್ಲ ಎಣಿಸಿದ ಹಾಗೆ ಕಾಣುತ್ತಿತ್ತು. ಅಂಥದ್ದು ಸಿಕ್ಕಿದ ದಿನ ಅವಳ ನಡಿಗೆಯೇ ಬೇರೆ.

ಆ ಬೆಳಿಗ್ಗೆ ಬಂದದ್ದು ಅಂಥ ಫೋಟೋ. ತೆಳು ಹಳದಿಯ ಕಿಟಕಿ ಪರದೆ, ಅದರ ಒಂದು ಮಡಿಕೆಯ ಮೇಲೆ ನೊಣ. ಕಂದು ಮೈ, ಹೆಗಲಲ್ಲಿ ಎರಡು ಹಳದಿ ಚುಕ್ಕೆ, ರೆಕ್ಕೆಯ ಅಂಚಿಗೆ ಕಾಡಿಗೆ ತೀಡಿದಂತೆ ಕಪ್ಪು ಪಟ್ಟಿ. ಆ ರೂಪದ ನೊಣಗಳು ಎರಡು ಜಾತಿ. ಒಂದು ಬೇಲಿ ನೊಣ. ಯಾರೂ ಮುಟ್ಟದ ಬೇಲಿಹಣ್ಣುಗಳಲ್ಲಿ ಮೊಟ್ಟೆಯಿಟ್ಟು ತನ್ನ ಪಾಡಿಗೆ ತಾನಿರುವ ಬಡಪಾಯಿ. ಇನ್ನೊಂದು ತೋಟದ ನೊಣ. ಅದು ಕಿತ್ತಳೆಯ ಸಿಪ್ಪೆ ಚುಚ್ಚಿ ಒಳಗೆ ಮೊಟ್ಟೆಯಿಡುತ್ತದೆ. ಹೊರಗೆ ನೋಡಿದರೆ ಹಣ್ಣು ಹೊಳೆಯುತ್ತಿರುತ್ತದೆ, ಬಿಡಿಸಿದರೆ ಹುಳ ಮಿಜಿಮಿಜಿ. ಬೇರೆ ಸೀಮೆಗಳಲ್ಲಿ ತೋಟಕ್ಕೆ ತೋಟವನ್ನೇ ತಿಂದು ತೇಗಿದ ಆ ನೊಣ ಈ ಕಡೆಗೆ ಇನ್ನೂ ಕಾಲಿಟ್ಟಿರಲಿಲ್ಲ. ಎರಡಕ್ಕೂ ಇರುವ ವ್ಯತ್ಯಾಸವೆಲ್ಲ ರೆಕ್ಕೆಯ ತುದಿಯಲ್ಲಿ. ಬೇಲಿ ನೊಣದ ಕಪ್ಪು ಪಟ್ಟಿ ಅಲ್ಲಿಗೆ ಬಂದು ನೆಟ್ಟಗೆ ನಿಲ್ಲುತ್ತದೆ, ತೋಟದ ನೊಣದ್ದು ಕೊಕ್ಕೆಯಂತೆ ಒಳಕ್ಕೆ ಬಾಗುತ್ತದೆ.

ನೊಣದಕ್ಕನಿಗೆ ಕೊಕ್ಕೆ ಕಂಡಿತು. ಅವಳಿಗೆ ಹೆದರಿಕೆಗಿಂತ ಸಂಭ್ರಮವೇ ಹೆಚ್ಚಾಯಿತು. ಪುಸ್ತಕದಲ್ಲಿ ಮಾತ್ರ ನೋಡಿದ್ದನ್ನು ಈ ನಾಡಿನಲ್ಲಿ ಮೊದಲು ಕಂಡವಳು ತಾನು. ಗಡಿಯಾರ ನೋಡಿದಳು, ಮೊದಲ ತರಗತಿಗೆ ತಡವಾಗಿತ್ತು. ತೋಟದ ನೊಣದ ಉದ್ದನೆಯ ಹೆಸರನ್ನು ಬೆರಳಚ್ಚಿಸಿ ಒತ್ತಿದಳು. ಫೋಟೋ ತೆಗೆದ ಜಾಗದ ನಕ್ಷೆ ಪಕ್ಕದಲ್ಲೇ ಇತ್ತು. ಅದನ್ನು ನೋಡಲಿಲ್ಲ. ಮೆಟ್ಟಿಲಿಳಿಯುವಾಗ ಕೆಳಗಿನ ಅಂಗಡಿಯವನು, ಏನಕ್ಕ ಇವತ್ತು ಮುಖ ಕಳೆಕಳೆಯಾಗಿದೆ ಎಂದು ಕೇಳಿದ. ಒಂದು ಒಳ್ಳೆ ನೊಣ ಸಿಕ್ಕಿತು ಎಂದು ಹೇಳಿ ಬಸ್ಸಿಗೆ ಓಡಿದಳು.

ಎರಡು ತರಗತಿ ಮುಗಿಸಿ ಅಧ್ಯಾಪಕರ ಕೋಣೆಗೆ ಬಂದರೆ ಸಸ್ಯರಕ್ಷಣಾ ಕಚೇರಿಯಿಂದ ಫೋನು. ಅಲ್ಲಿನ ಅಧಿಕಾರಿ ಅವಳಿಗೆ ಪರಿಚಯದವನೇ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವಳ ಬಳಿ ನೊಣ ಗುರುತಿಸುವ ತರಬೇತಿಗೆ ಬಂದಿದ್ದವನು, ಸದಾ ನೆಗಡಿಯ ದನಿಯವನು. ಕಚೇರಿಯವರು ಆ ತಾಣದ ಮೇಲೆ ಕಣ್ಣಿಟ್ಟಿರುತ್ತಾರಂತೆ. ಇವಳು ಹೆಸರು ಹೇಳಿದ ಅರ್ಧ ಗಂಟೆಯಲ್ಲಿ ಮೀಸೆ ಮೇಷ್ಟ್ರೂ ಒಪ್ಪಿ, ಹಸಿರು ಮುದ್ರೆ ಬಿದ್ದಿತ್ತಂತೆ. ಒಳ್ಳೆ ಹೊತ್ತಿಗೆ ಕಣ್ಣಿಗೆ ಬಿತ್ತು ಮೇಡಂ, ಹರಡುವ ಮುಂಚೆಯೇ ಕಟ್ಟಿಹಾಕಬಹುದು ಎಂದು ಅವನು ಮನಸಾರೆ ವಂದನೆ ಹೇಳಿದ. ಫೋಟೋ ತೆಗೆದ ಮನೆಯ ಸುತ್ತ ನಕ್ಷೆಯಲ್ಲಿ ಗೆರೆ ಎಳೆದಾಗಿದೆ, ಗೆರೆಯೊಳಗಿನ ಹಣ್ಣೆಲ್ಲ ನಾಳೆಯಿಂದಲೇ ಕೀಳಿಸಿ ಹೂಳಬೇಕು ಎಂದ. ಆಮೇಲೆ ಊರಿನ ಹೆಸರು ಹೇಳಿದ.

ಅದು ಅವಳ ತಮ್ಮನ ಊರು. ಊರ ಹೊರಗೆ, ರೈಲು ಹಳಿಯ ಆಚೆ, ಅವನ ಕಿತ್ತಳೆ ತೋಟ. ಸರಕು ಸಾಗಣೆ ಕಂಪನಿಯ ಕೆಲಸ ಬಿಟ್ಟು, ಯಾರೂ ಬೇಡವೆಂದ ಕಲ್ಲುನೆಲ ಹಿಡಿದು, ಗಂಡಹೆಂಡತಿ ಇಬ್ಬರೂ ಕೊಡದಲ್ಲಿ ನೀರು ಹೊತ್ತು ಬೆಳೆಸಿದ ಮರಗಳು. ಆ ವರ್ಷ ಮೊದಲ ಬಾರಿಗೆ ಕೊಂಬೆ ನೆಲ ಮುಟ್ಟುವಷ್ಟು ಕಾಯಿ ಹಿಡಿದಿದ್ದವು, ಕಾಯಿಗಳು ಆಗಷ್ಟೇ ಬಣ್ಣಕ್ಕೆ ತಿರುಗುತ್ತಿದ್ದವು.

ಅವಳು ರಜೆ ಹಾಕಿ ಮನೆಗೆ ಓಡಿದಳು. ಫೋಟೋ ತೆರೆದು ಎಷ್ಟು ಸಾಧ್ಯವೋ ಅಷ್ಟು ಹಿಗ್ಗಿಸಿದಳು. ರೆಕ್ಕೆಯ ತುದಿ ಸರಿಯಾಗಿ ಪರದೆಯ ಮಡಿಕೆಯ ನೆರಳಿಗೆ ಬಿದ್ದಿತ್ತು. ಬೆಳಿಗ್ಗೆ ಕೊಕ್ಕೆಯಂತೆ ಕಂಡದ್ದು ಈಗ ಕೊಕ್ಕೆಯೂ ಹೌದು, ಬಟ್ಟೆಯಿಂದ ಎದ್ದ ಒಂದು ನೂಲಿನ ನೆರಳೂ ಹೌದು. ದೀಪ ಆರಿಸಿ ನೋಡಿದಳು, ಹಾಕಿ ನೋಡಿದಳು. ಕನ್ನಡಕ ಒರೆಸಿ ನೋಡಿದಳು. ಕುರ್ಚಿಯನ್ನು ಹಿಂದಕ್ಕೆ ಸರಿಸಿ ದೂರದಿಂದ ನೋಡಿದಳು. ದೂರದಿಂದ ಕೊಕ್ಕೆ, ಹತ್ತಿರದಿಂದ ನೂಲು. ಬೆಳಿಗ್ಗೆ ಇಷ್ಟು ನೋಡಿದ್ದರೆ ಒತ್ತುತ್ತಿರಲಿಲ್ಲ. ಅಟ್ಟ ಮೇಲೆ ಒಲೆ ಉರಿಯಿತು ಅನ್ನುವ ಹಾಗಾಯಿತು.

ತಾನು ಹೇಳಿದ ಹೆಸರನ್ನು ತಾಣದಿಂದ ಅಳಿಸಿದಳು. ಮೀಸೆ ಮೇಷ್ಟ್ರಿಗೆ ಬರೆದಳು. ಅವರು ಕೂಡಲೇ ಉತ್ತರಿಸಿದರು: ನಿಜ ಹೇಳಬೇಕೆಂದರೆ ನಾನು ಸರಿಯಾಗಿ ನೋಡಲಿಲ್ಲ ತಾಯಿ, ನೀವು ಹೇಳಿದ ಮೇಲೆ ಮುಗಿಯಿತಲ್ಲ ಎಂದು ಒಪ್ಪಿಬಿಟ್ಟೆ. ಈಗ ನೋಡಿದರೆ ನನಗೂ ಹಾಗೂ ಕಾಣುತ್ತದೆ, ಹೀಗೂ ಕಾಣುತ್ತದೆ. ಎರಡು ಕಣ್ಣು ನೋಡಿದ್ದು ಎಂದು ಲೋಕ ತಿಳಿದದ್ದನ್ನು ಒಂದೇ ಕಣ್ಣು ನೋಡಿತ್ತು, ಅದೂ ಬಸ್ಸಿನ ಅವಸರದಲ್ಲಿ.

ಮಧ್ಯಾಹ್ನ ಅವಳು ಕಚೇರಿಗೆ ಹೋದಳು. ಅಧಿಕಾರಿ ಎದ್ದು ನಿಂತು ಕುರ್ಚಿ ಕೊಟ್ಟ. ಅವಳು ಮಡಿಕೆ, ನೆರಳು, ನೂಲು ಎಲ್ಲವನ್ನೂ ವಿವರಿಸಿದಳು. ತಮ್ಮನ ತೋಟ ಆ ಗೆರೆಯೊಳಗೆ ಇದೆ ಎಂಬುದನ್ನೂ ಮುಚ್ಚಿಡದೆ ಹೇಳಿದಳು. ಅದನ್ನು ಹೇಳಿದ್ದೇ ತಡ, ತನ್ನ ಮಾತಿನ ತೂಕ ಅರ್ಧಕ್ಕಿಳಿದದ್ದು ಅವಳಿಗೇ ಗೊತ್ತಾಯಿತು. ಅಧಿಕಾರಿ ಮೂಗೊರೆಸಿಕೊಂಡ.

"ಅದು ತೋಟದ ನೊಣ ಅಲ್ಲ ಅಂತೀರಾ ಮೇಡಂ?"

"ಅಲ್ಲ ಅಂತ ಹೇಳ್ತಿಲ್ಲ. ಹೌದು ಅಂತ ಹೇಳೋಕಾಗಲ್ಲ ಅಂತಿದೀನಿ."

"ತರಬೇತಿಲಿ ನೀವೇ ಹೇಳಿಕೊಟ್ಟಿದ್ದು. ಸಂಶಯ ಇದ್ರೆ ಇದೆ ಅಂತಲೇ ತಿಳ್ಕೊಂಡು ಕೆಲಸ ಮಾಡಿ, ಒಂದು ತೋಟ ಹೋದ್ರೆ ಹೋಗ್ಲಿ, ಸೀಮೆ ಉಳೀಲಿ ಅಂತ. ನಾನು ಹಾಗೇ ಮಾಡ್ತಿದೀನಿ."

ಅವನ ಮಾತಿನಲ್ಲಿ ಚುಚ್ಚುವ ಉದ್ದೇಶವಿರಲಿಲ್ಲ. ಅವನು ತನ್ನ ಕೆಲಸವನ್ನು ಕಲಿತ ಹಾಗೆ ಮಾಡುತ್ತಿದ್ದ, ಕಲಿಸಿದವಳು ಎದುರಿಗೆ ಕೂತಿದ್ದಳು. ಇವನು ಕೆಟ್ಟವನಾಗಿದ್ದರೆ ಜಗಳವಾಡಬಹುದಿತ್ತು, ಮೇಲಿನವರಿಗೆ ದೂರಬಹುದಿತ್ತು. ಅವನು ಚಹಾ ತರಿಸಿಕೊಟ್ಟ, ಬಾಗಿಲವರೆಗೂ ಬಂದು ಬೀಳ್ಕೊಟ್ಟ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ತಾಯಿ ಮಾತುಮಾತಿಗೆ ಅನ್ನುತ್ತಿದ್ದಳು. ನೊಣದಕ್ಕ ಅದನ್ನು ಜಗಳಗಂಟರಿಗೆ ಹೇಳಿದ ಬುದ್ಧಿಮಾತು ಎಂದೇ ತಿಳಿದಿದ್ದಳು.

ಸಂಜೆ ತೋಟದಲ್ಲೇ ಇದ್ದ ತಮ್ಮನ ಮನೆ ತಲುಪುವಷ್ಟರಲ್ಲಿ ಕಚೇರಿಯವರು ಬಂದು ಹೇಳಿಹೋಗಿದ್ದರು. ತಮ್ಮ ಹೊರಗೆ ಮುರಿದ ಗಾಡಿಯ ಮೇಲೆ ಕೂತಿದ್ದ. ಅಕ್ಕನನ್ನು ಕಂಡವನೇ ಎದ್ದ, ಮುಖ ಅರಳಿತು. ಬಾ ಬಾ, ಹೇಳಿ ಕಳಿಸಿದ ಹಾಗೆ ಬಂದೆ, ಯಾವನೋ ಅರೆಬೆಂದವನು ನೊಣ ನೋಡಿ ಏನೋ ಹೇಳಿದ್ದಾನಂತೆ, ನೀನು ಒಂದು ಮಾತು ಹೇಳಿದರೆ ಕಚೇರಿಯವರು ಕೇಳುತ್ತಾರೆ ಎಂದ.

"ಆ ಅರೆಬೆಂದವಳು ನಾನೇ ಕಣೋ," ಎಂದಳು.

ತಮ್ಮ ಮೊದಲು ನಕ್ಕ. ಅವಳ ಮುಖ ನೋಡಿ ನಗು ನಿಲ್ಲಿಸಿದ. ಅವನ ಹೆಂಡತಿ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು.

"ಹಾಗಾದ್ರೆ ತಪ್ಪಾಯ್ತು ಅಂತ ಹೇಳ್ಬಿಡಕ್ಕ. ಅಷ್ಟೇ ತಾನೇ?"

"ಹೇಳಿ ಬಂದೆ. ತಪ್ಪು ಅಂತ ಹೇಳಿದ್ರೆ ಸಾಲಲ್ಲ, ತೋರಿಸಬೇಕು."

"ತೋರ್ಸು ಮತ್ತೆ."

"ಆ ನೊಣ ಕೈಲಿದ್ದಿದ್ರೆ ಮೈಕ್ರೋಸ್ಕೋಪಿನ ಕೆಳಗಿಟ್ಟು ಒಂದು ನಿಮಿಷದಲ್ಲಿ ತೋರಿಸ್ತಿದ್ದೆ. ನೊಣ ಹಾರಿಹೋಗಿದೆ. ಇರೋದು ಫೋಟೋ ಒಂದೇ."

ತಮ್ಮ ಬಯ್ಯುತ್ತಾನೆ ಎಂದು ಅವಳು ದಾರಿಯುದ್ದಕ್ಕೂ ಮೈ ಬಿಗಿಹಿಡಿದು ಬಂದಿದ್ದಳು. ಅವನು ಬಯ್ಯದೆ, ಊಟ ಮಾಡಿದ್ದೀಯಾ ಎಂದು ಕೇಳಿದ. ಅವನ ಹೆಂಡತಿ ತಟ್ಟೆ ಹಾಕಿದಳು, ಬಡಿಸಿದಳು. ಒಂದೇ ಒಂದು ಸಲವೂ ಅವಳ ಮುಖ ನೋಡಲಿಲ್ಲ.

ಮರುದಿನ ಲಾರಿಗಳು ಬಂದವು. ನೀಲಿ ಅಂಗಿಯ ಕೂಲಿಯಾಳುಗಳು ಸಾಲಿನ ಆ ತುದಿಯಿಂದ ಕೀಳತೊಡಗಿದರು. ಬಣ್ಣ ಬಂದದ್ದು, ಬಾರದದ್ದು, ಗೋಲಿಯಷ್ಟಿದ್ದದ್ದು ಎಲ್ಲ ಚೀಲಕ್ಕೆ. ತೋಟದ ಮೂಲೆಯಲ್ಲಿ ಯಂತ್ರ ಗುಂಡಿ ತೋಡಿತು. ಒಂದು ಪದರ ಹಣ್ಣು, ಒಂದು ಪದರ ಸುಣ್ಣ. ತಮ್ಮ ಅವರ ಜೊತೆ ತಾನೂ ಕಿತ್ತ. ಬೇರೆಯವರು ಕೊಂಬೆ ಮುರಿಯುತ್ತಾರೆ ಎಂದು ಅವನಿಗೆ ಭಯ. ಅವನ ಹೆಂಡತಿ ಮಾತ್ರ ಮನೆಯಿಂದ ಹೊರಗೆ ಬರಲಿಲ್ಲ.

ನೊಣದಕ್ಕ ಕೈಕಟ್ಟಿ ನಿಲ್ಲಲಾರದೆ ಒಂದು ಕೆಲಸ ಹಚ್ಚಿಕೊಂಡಳು. ಅಡುಗೆಮನೆಯ ಚಾಕು ತಂದು, ಗುಂಡಿಯ ಪಕ್ಕ ಚೀಲ ಹಾಸಿ ಕೂತು, ಹಣ್ಣು ಕೊಯ್ದು ನೋಡತೊಡಗಿದಳು. ತೋಟದ ನೊಣ ಬಂದದ್ದೇ ನಿಜವಾದರೆ ಯಾವುದಾದರೊಂದು ಹಣ್ಣಿನಲ್ಲಿ ಹುಳ ಸಿಗಬೇಕು. ಸಿಪ್ಪೆಯ ಮೇಲೆ ಚುಚ್ಚಿದ ಗುರುತು ಹುಡುಕುವುದು, ಎರಡು ಹೋಳು ಮಾಡುವುದು, ತೊಳೆ ಬಿಡಿಸುವುದು, ಬಿಸಾಡುವುದು. ಬೆರಳಸಂದಿಯೆಲ್ಲ ಹುಳಿ ಹತ್ತಿ ಉರಿಯುತ್ತಿತ್ತು. ಕೊಯ್ಯುತ್ತ ಕೊಯ್ಯುತ್ತ ಅವಳಿಗೆ ಒಂದು ಹೊಳೆಯಿತು: ಹುಳ ಸಿಗಲಿ ಎಂದು ಬೇಡಿಕೊಳ್ಳುತ್ತಿದ್ದೇನೋ ಸಿಗದಿರಲಿ ಎಂದು ಬೇಡಿಕೊಳ್ಳುತ್ತಿದ್ದೇನೋ ತನಗೇ ಗೊತ್ತಿಲ್ಲ. ಸಿಕ್ಕರೆ ತಮ್ಮನ ತೋಟಕ್ಕೆ ಪೀಡೆ ಹೊಕ್ಕಿತೆಂದೇ ಲೆಕ್ಕ, ತಾನು ಮಾತ್ರ ಪಾರು. ಸಿಗದಿದ್ದರೂ ಏನೂ ತೀರ್ಮಾನವಾಗುವುದಿಲ್ಲ. ಕೊಯ್ಯದ ಹಣ್ಣು ಗುಂಡಿಯ ತುಂಬ ಇತ್ತು.

ಹುಳ ಸಿಗಲಿಲ್ಲ. ಸಂಜೆ ಮೇಸ್ತ್ರಿ ಬಂದು, ಅಮ್ಮಾ ಏಳಿ, ಗುಂಡಿ ಮುಚ್ಚಬೇಕು ಎಂದ. ಎದ್ದು ತಿರುಗಿದರೆ ಅಡುಗೆಮನೆಯ ಕಿಟಕಿಯಲ್ಲಿ ತಮ್ಮನ ಹೆಂಡತಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನೋಡುತ್ತಿದ್ದಳೋ. ಇವಳು ನೋಡಿದ ಕೂಡಲೇ ಸರಿದುಹೋದಳು.

ಹಣ್ಣಿಲ್ಲದ ಮರಗಳಿಗೆ ಮೋಹಕ ಬಲೆ ಕಟ್ಟಿದರು. ಹಳದಿ ಡಬ್ಬಿ, ಒಳಗೆ ನೊಣವನ್ನು ಕರೆಯುವ ವಾಸನೆಯ ಬಿಲ್ಲೆ. ಮತ್ತೊಂದು ಹೂಗಾಲ ಬರುವವರೆಗೆ ಆ ಡಬ್ಬಿಗಳಿಗೆ ಒಂದೂ ತೋಟದ ನೊಣ ಬೀಳದಿದ್ದರೆ ಗೆರೆ ಅಳಿಸುತ್ತಾರೆ, ಅಲ್ಲಿಯವರೆಗೆ ತೋಟದಿಂದ ಒಂದು ಎಲೆಯೂ ಆಚೆ ಹೋಗುವಂತಿಲ್ಲ. ಗೆರೆಯೊಳಗೆ ತಮ್ಮನದು ಒಂದೇ ತೋಟವಲ್ಲ. ಉಳಿದವರಿಗೆ ನೊಣದ ಹೆಸರು ಹೇಳಿದವಳು ಇವನ ಅಕ್ಕ ಎಂದು ಗೊತ್ತಾಗಲು ಬಹಳ ದಿನ ಬೇಕಾಗಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ, ಅವರು ತಮ್ಮನನ್ನು ಕಂಡರೆ ಮುಖ ತಿರುಗಿಸತೊಡಗಿದರು. ಇದನ್ನು ಅವನು ಅಕ್ಕನಿಗೆ ಹೇಳಲಿಲ್ಲ. ಬಸ್ ನಿಲ್ದಾಣದಲ್ಲಿ ಒಬ್ಬರು ಅವಳೆದುರಿಗೇ ಉಗುಳಿದಾಗ ಅವಳಿಗೆ ತಿಳಿಯಿತು.

ಆ ಫೋಟೋ ತೆಗೆದವರು ಇನ್ನೊಂದೆರಡು ಫೋಟೋ ತೆಗೆದಿರಬಹುದು ಎಂಬ ಒಂದು ಎಳೆ ಮಾತ್ರ ಉಳಿದಿತ್ತು. ತಾಣದ ಮೂಲಕ ಬರೆದು ಕೇಳಿದಳು. ಬನ್ನಿ ಎಂದು ಉತ್ತರ ಬಂತು.

ತಮ್ಮನ ತೋಟದಿಂದ ಹಳಿ ದಾಟಿದರೆ ಮೂರನೆಯ ಬೀದಿ, ನೆಲಮಾಳಿಗೆಯಂಥ ತಗ್ಗಿನ ಮನೆ. ಬಾಗಿಲು ತೆಗೆದವಳು ನಡುವಯಸ್ಸಿನ ಹೆಂಗಸು, ಕೈಯಲ್ಲಿ ಇಸ್ತ್ರಿಯ ಬಿಸಿ ಇನ್ನೂ ಆರಿರಲಿಲ್ಲ. ಒಳಗೆ ಕಿಟಕಿಯ ಪಕ್ಕ ಮಂಚ, ಮಂಚದ ಮೇಲೆ ಅವಳ ಗಂಡ. ವಿದ್ಯುತ್ ಕಂಬದಿಂದ ಬಿದ್ದ ಲೈನ್‌ಮನ್. ಕುತ್ತಿಗೆಯಿಂದ ಕೆಳಗೆ ಏನೂ ಅಲ್ಲಾಡದು. ಕಿಟಕಿಗೆ ಅದೇ ತೆಳು ಹಳದಿ ಪರದೆ. ನೊಣದಕ್ಕ ಕಂಪ್ಯೂಟರಿನಲ್ಲಿ ಅಷ್ಟು ನೋಡಿದ್ದ ಪರದೆಯನ್ನು ಕಣ್ಣಾರೆ ಕಂಡು, ಮಡಿಕೆಗಳನ್ನು ಮುಟ್ಟಿ ನೋಡುವ ಆಸೆಯನ್ನು ತಡೆದುಕೊಂಡಳು.

ಗಂಡನಿಗೆ ಕಾಣುವ ಲೋಕ ಆ ಕಿಟಕಿಯಷ್ಟೇ. ಅಲ್ಲಿಗೆ ಬಂದು ಕೂರುವ ಜೇಡ, ಇರುವೆ, ನೊಣ, ಚಿಟ್ಟೆಗಳನ್ನು ಹೆಂಡತಿ ಮೊಬೈಲಿನಲ್ಲಿ ತೆಗೆದು, ದೊಡ್ಡದು ಮಾಡಿ ಅವನ ಕಣ್ಣ ಮುಂದೆ ಹಿಡಿಯುತ್ತಿದ್ದಳು. ಇದರ ಹೆಸರೇನೆ ಎಂದು ಅವನು ಕೇಳುತ್ತಿದ್ದ. ಇಸ್ತ್ರಿ ಮಾಡುವವಳಿಗೆ ಹುಳದ ಹೆಸರು ಎಲ್ಲಿಂದ ಬರಬೇಕು? ಅದಕ್ಕೇ ತಾಣಕ್ಕೆ ಹಾಕುತ್ತಿದ್ದಳು. ಹೆಸರು ಬಂದ ದಿನ ಅವನು ಅದನ್ನು ಬಾಯಿಪಾಠ ಮಾಡುತ್ತ ಒಂದು ಹೊತ್ತು ಕಳೆಯುತ್ತಿದ್ದ.

"ಮೇಡಂ, ಆ ನೊಣಕ್ಕೆ ಮೊದಲು ಒಂದು ಹೆಸರು ಬಂದಿತ್ತು. ಆಮೇಲೆ ಅಳಿಸಿಹೋಯ್ತಂತೆ. ಏನದು?" ಎಂದು ಅವನು ಕೇಳಿದ.

"ಇನ್ನೂ ನೋಡ್ತಿದೀನಿ," ಎಂದಳು ನೊಣದಕ್ಕ.

"ನಿಧಾನಕ್ಕೆ ನೋಡಿ. ನಾನೆಲ್ಲಿಗೂ ಹೋಗೋದಿಲ್ಲ," ಎಂದು ತನ್ನ ಮಾತಿಗೆ ತಾನೇ ನಕ್ಕ.

ಹೆಂಡತಿಯ ಮೊಬೈಲಿನಲ್ಲಿ ಇನ್ನೂ ಮೂರು ಫೋಟೋ ಇದ್ದವು. ಒಂದರಲ್ಲಿ ಬೆರಳು ಅಡ್ಡ ಬಂದಿತ್ತು. ಇನ್ನೊಂದರಲ್ಲಿ ನೊಣ ಹಾರುತ್ತಿತ್ತು, ಒಂದು ಕಂದು ಗೀರು ಅಷ್ಟೇ. ಮೂರನೆಯದರಲ್ಲಿ ನೊಣ ತಿರುಗಿ ಕೂತಿತ್ತು, ರೆಕ್ಕೆಯ ತುದಿ ಬೆಳಕಿನಲ್ಲಿತ್ತು. ಆದರೆ ಮೊಬೈಲು ನೊಣವನ್ನು ಬಿಟ್ಟು ಪರದೆಯ ನೇಯ್ಗೆಯನ್ನು ಹಿಡಿದಿತ್ತು. ನೂಲು ನೂಲೂ ಸ್ಪಷ್ಟ, ನೊಣ ಮಾತ್ರ ಹೊಗೆ. ಆ ಹೊಗೆಯಲ್ಲಿ ಕಪ್ಪು ಪಟ್ಟಿ ನೆಟ್ಟಗೆ ನಿಂತಂತೆ ಕಂಡಿತು. ಮೊದಲ ಫೋಟೋದಲ್ಲಿ ಬಾಗಿದ್ದದ್ದು ಇದರಲ್ಲಿ ನೆಟ್ಟಗಿತ್ತು. ಎರಡರಲ್ಲಿ ಯಾವುದನ್ನು ನಂಬಿದರೂ ಇನ್ನೊಂದು ಸುಳ್ಳಾಗಬೇಕು.

ಮಂಚದ ಪಕ್ಕದ ಬುಟ್ಟಿಯಲ್ಲಿ ಹಣ್ಣುಗಳಿದ್ದವು. ಎಲ್ಲಿಂದ ತಂದದ್ದು ಎಂದು ಕೇಳಿದಳು. ತಳ್ಳುಗಾಡಿಯವನು ತರುತ್ತಾನೆ, ಅವನು ಸಗಟು ಮಾರುಕಟ್ಟೆಯಿಂದ ತರುತ್ತಾನೆ, ಅಲ್ಲಿಗೆ ಎಲ್ಲೆಲ್ಲಿಂದಲೋ ಬರುತ್ತದೆ ಎಂದಳು ಹೆಂಡತಿ. ಹಾಗಾದರೆ ದೂರದ ಸೀಮೆಯ ಹಣ್ಣಿನೊಳಗೆ ಕೂತು ಬಂದ ಒಂಟಿ ನೊಣವೂ ಇರಬಹುದು, ಮನೆಯ ಹಿಂದಿನ ಬೇಲಿಯಿಂದ ಬಂದದ್ದೂ ಇರಬಹುದು. ಪ್ರಶ್ನೆ ಒಂದಿದ್ದದ್ದು ಮೂರಾಯಿತು.

ಹೊರಡುವಾಗ ಹೆಂಡತಿ ಬೀದಿಯವರೆಗೂ ಬಂದಳು. ಬಾಗಿಲು ಎಳೆದುಕೊಂಡು, ದನಿ ತಗ್ಗಿಸಿ ಕೇಳಿದಳು.

"ಆ ಲಾರಿಗಳು ಬಂದಿದ್ದು ನಮ್ಮ ಫೋಟೋದಿಂದನಾ?"

"ನಿಮ್ಮ ಫೋಟೋದಿಂದ ಅಲ್ಲಮ್ಮ. ನಾನು ಹೇಳಿದ ಹೆಸರಿಂದ."

"ಎರಡೂ ಒಂದೇ ಅಲ್ವಾ," ಎಂದಳು ಅವಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ, "ಅವರಿಗೆ ಹೇಳ್ಬೇಡಿ. ತಡ್ಕೊಳ್ಳಲ್ಲ. ನಾನು ಇನ್ನು ತೆಗೆಯೋದು ಬಿಡಬೇಕು ಅಂತಿದೀನಿ, ಆದ್ರೆ ಯಾಕೆ ಬಿಟ್ಟೆ ಅಂತ ಕೇಳಿದ್ರೆ ಏನು ಹೇಳ್ಲಿ?" ಎಂದಳು.

ಬಿಡಬೇಡಿ, ತೆಗೆಯಿರಿ ಎಂದು ನೊಣದಕ್ಕ ಹೇಳಿದಳು. ಹೇಳಿದ ಮಾತು ಅವಳ ಕಿವಿಗೇ ಪೊಳ್ಳಾಗಿ ಕೇಳಿತು.

ಮೂರನೆಯ ಫೋಟೋವನ್ನು ಅಧಿಕಾರಿಗೆ ಕೊಟ್ಟಳು. ಅವನು ಅದನ್ನು ತನ್ನ ಮೇಲಿನವರಿಗೆ ಕಳಿಸಿದ, ಅವರು ಇನ್ನೂ ಮೇಲಿನವರಿಗೆ ಕಳಿಸಿದರು. ಸ್ಪಷ್ಟವಿಲ್ಲ ಎಂದು ಎಲ್ಲರೂ ಒಂದೇ ದನಿಯಲ್ಲಿ ಹೇಳಿದರು. ಅದು ಅವಳಿಗೂ ಗೊತ್ತಿತ್ತು.

ಆಮೇಲೆ ಮಾಡಲು ಏನೂ ಉಳಿಯಲಿಲ್ಲ. ಪ್ರತಿ ವಾರ ಕಚೇರಿಯ ಹುಡುಗಿಯೊಬ್ಬಳು ಬಂದು ಹಳದಿ ಡಬ್ಬಿಗಳನ್ನು ಬಿಚ್ಚಿ ನೋಡಿ ಕಟ್ಟಿ ಹೋಗುತ್ತಿದ್ದಳು. ಬೇಲಿ ನೊಣಗಳು ಬೀಳುತ್ತಿದ್ದವು, ಸೊಳ್ಳೆಗಳು ಬೀಳುತ್ತಿದ್ದವು, ಒಮ್ಮೆ ಒಂದು ದುಂಬಿ ಬಿದ್ದಿತ್ತು. ತೋಟದ ನೊಣ ಬೀಳಲಿಲ್ಲ. ಬೇಲಿ ನೊಣ ಬಿದ್ದ ಸುದ್ದಿ ಕೇಳಿ ತಮ್ಮ ಫೋನು ಮಾಡಿದ. ಹಾಗಾದರೆ ಪರದೆಯ ಮೇಲೆ ಕೂತದ್ದೂ ಅದೇ ಇರಬೇಕಲ್ಲ ಎಂದು ಅವನ ಆಸೆ. ಇರಬಹುದು, ಆದರೆ ಬೇಲಿ ನೊಣ ಇದೆ ಅಂದ ಮಾತ್ರಕ್ಕೆ ತೋಟದ ನೊಣ ಇರಲಿಲ್ಲ ಅಂತ ಆಗುವುದಿಲ್ಲ ಎಂದು ಅವಳು ಪಾಠ ಹೇಳುವ ದನಿಯಲ್ಲಿ ಹೇಳಿದಳು. ಹೇಳಿದ್ದು ನಿಜವೇ, ಆದರೂ ನಾಲಗೆ ಕಚ್ಚಿಕೊಂಡಳು.

ತಾಣದ ಕಡೆಗೆ ಕೆಲವು ತಿಂಗಳು ಹೋಗಲಿಲ್ಲ. ಮೀಸೆ ಮೇಷ್ಟ್ರು, ನೀವಿಲ್ಲದೆ ನನಗೊಬ್ಬನಿಗೆ ಧೈರ್ಯ ಬರುವುದಿಲ್ಲ, ಬನ್ನಿ ತಾಯಿ ಎಂದು ಬರೆದರು. ಹೋಗಿ ಕೂತಳು. ನೂರಾರು ನೊಣಗಳು ಹೆಸರಿಗಾಗಿ ಕಾದು ಕೂತಿದ್ದವು. ಗೊತ್ತಿದ್ದ ನೊಣ, ಕಣ್ಣುಮುಚ್ಚಿ ಹೇಳಬಹುದಾದ ನೊಣ, ಅಡುಗೆಮನೆಯ ಸಾಮಾನ್ಯ ನೊಣ. ಹೆಸರು ಬೆರಳಚ್ಚಿಸುತ್ತಿದ್ದಳು, ಒತ್ತಲು ಹೋಗಿ ಬೆರಳು ನಿಲ್ಲುತ್ತಿತ್ತು. ಮತ್ತೆ ನೋಡುತ್ತಿದ್ದಳು. ಮತ್ತೆ ನೋಡಿದಷ್ಟೂ ಗೊತ್ತಿದ್ದದ್ದು ಗೊತ್ತಿಲ್ಲದಂತಾಗುತ್ತಿತ್ತು. ಲೋಟದ ಚಹಾ ತಣ್ಣಗಾಗಿ ಕೆನೆ ಕಟ್ಟುತ್ತಿತ್ತು. ಒಂದನ್ನೂ ಒತ್ತದೆ ಎದ್ದು ಕಾಲೇಜಿಗೆ ಹೋಗುತ್ತಿದ್ದಳು.

ಮರಗಳು ಹೂ ಬಿಟ್ಟ ಮೇಲೆ ಗೆರೆ ಅಳಿಸಿದರು. ತಮ್ಮನ ಫೋನಿಗೆ ಒಂದು ಸಾಲಿನ ಸಂದೇಶ ಬಂತು, ಅಷ್ಟೇ. ಅಷ್ಟರೊಳಗೆ ತಮ್ಮನಿಂದ ಹಣ್ಣು ಕೊಳ್ಳುತ್ತೇವೆಂದು ಮಾತು ಕೊಟ್ಟಿದ್ದವರು ಬೇರೆ ತೋಟ ಹಿಡಿದಿದ್ದರು. ತಮ್ಮ ತನ್ನ ಹಳೆಯ ಸಾಗಣೆ ಕಂಪನಿಗೇ ಲಾರಿ ಓಡಿಸಲು ಹೋದ. ವಾರದಲ್ಲಿ ಒಂದು ದಿನ ಮನೆ. ತೋಟ ಹೆಂಡತಿಯ ಪಾಲಿಗೆ ಬಿತ್ತು. ಫೋನಿನಲ್ಲಿ ಅವನು ಮೊದಲಿನಂತೆಯೇ ಮಾತಾಡುತ್ತಿದ್ದ, ರಸ್ತೆಯ ಸುದ್ದಿ, ಊಟದ ಸುದ್ದಿ. ನೊಣದ ತಮಾಷೆ ಮಾತ್ರ ಅವನ ಬಾಯಿಂದ ಮತ್ತೆ ಬರಲಿಲ್ಲ.

ಒಂದು ಭಾನುವಾರ, ಅವನು ಊರಿನಲ್ಲಿಲ್ಲ ಎಂದು ತಿಳಿದೇ ಅವಳು ಹೋದಳು. ತಮ್ಮನ ಹೆಂಡತಿ ಮರದ ಬುಡಕ್ಕೆ ನೀರು ಬಿಡುತ್ತಿದ್ದಳು. ಬನ್ನಿ ಎನ್ನಲಿಲ್ಲ, ಬಂದದ್ದೇಕೆ ಎನ್ನಲೂ ಇಲ್ಲ. ಪೈಪನ್ನು ಪಾತಿಗೆ ಇಳಿಬಿಟ್ಟು ಬಂದು ಬದುವಿನ ಮೇಲೆ ಕೂತಳು. ನೊಣದಕ್ಕ ತುಸು ದೂರದಲ್ಲಿ ಕೂತಳು. ಹೂವಿನ ವಾಸನೆ ತಲೆನೋಯುವಷ್ಟು ದಟ್ಟವಾಗಿತ್ತು. ಇಷ್ಟು ತಿಂಗಳಲ್ಲಿ ಅವರಿಬ್ಬರೇ ಕೂತದ್ದು ಅದೇ ಮೊದಲು.

"ಒಂದು ಕೇಳ್ಲಾ ಅತ್ತಿಗೆ?" ಎಂದಳು ತಮ್ಮನ ಹೆಂಡತಿ. "ಕಚೇರಿಯವರು ಬೇಡ, ಫೋಟೋ ಬೇಡ. ನಿಮ್ಮ ಮನಸ್ಸಿಗೆ ಏನನ್ಸುತ್ತೆ? ಅದು ಹೌದಾ ಅಲ್ವಾ?"

ನೊಣದಕ್ಕ ಆ ಫೋಟೋವನ್ನು ಈಗ ಕಣ್ಣುಮುಚ್ಚಿದರೂ ಕಾಣುತ್ತಿದ್ದಳು. ಕಪ್ಪು ಪಟ್ಟಿ ಒಮ್ಮೆ ಬಾಗುತ್ತಿತ್ತು, ಒಮ್ಮೆ ನೆಟ್ಟಗಾಗುತ್ತಿತ್ತು. ಅಲ್ಲ ಎಂದುಬಿಡೋಣ ಎಂದುಕೊಂಡಳು. ಹೌದು ಎಂದರೆ ಇವಳಿಗೆ ನೆಮ್ಮದಿಯೇನೋ ಎಂದೂ ಅನ್ನಿಸಿತು.

"ಗೊತ್ತಿಲ್ಲ ಕಣಮ್ಮ," ಎಂದಳು. "ನಿಜವಾಗ್ಲೂ ಗೊತ್ತಿಲ್ಲ."

ತಮ್ಮನ ಹೆಂಡತಿ ತಲೆಯಾಡಿಸಿದಳು. ನೀರು ಪಾತಿ ತುಂಬುವ ಸದ್ದು ಕೇಳುತ್ತಿತ್ತು.

"ಹೌದು ಅಂದಿದ್ರೆ, ಒಳ್ಳೇದಕ್ಕೇ ಕಿತ್ರು, ಊರು ಉಳೀತು ಅಂತ ಇರ್ತಿದ್ದೆ. ಅಲ್ಲ ಅಂದಿದ್ರೆ ನಿಮ್ಮನ್ನ ಬೈಕೊಂಡಾದ್ರೂ ಇರ್ತಿದ್ದೆ. ಈಗ ನಾನು ಏನಂತ ಇರ್ಲಿ?"

ಅದರಲ್ಲಿ ಸಿಟ್ಟಿರಲಿಲ್ಲ. ದಾರಿ ತಪ್ಪಿದವರು ಎದುರಿಗೆ ಬಂದವರನ್ನು ದಾರಿ ಕೇಳುವ ಹಾಗಿತ್ತು. ಪಾತಿ ತುಂಬಿ ನೀರು ಹೊರಗೆ ಹರಿಯತೊಡಗಿದಾಗ ತಮ್ಮನ ಹೆಂಡತಿ ಎದ್ದು, ಪೈಪನ್ನು ಮುಂದಿನ ಮರಕ್ಕೆ ಎಳೆದುಕೊಂಡು ಹೋದಳು.